ಫರ್ನೇಸ್: 80ರದ್ದೋ, 96ರದ್ದೋ?

ಮನೆ ಬೆಚ್ಚಗಿಡುವ ಹಳೇ ಗ್ಯಾಸ್ ಫರ್ನೇಸ್ ಬದಲಿಗೆ ಎಎಫ್‌ಯುಇ (ಉರಿದ ಗ್ಯಾಸಿನ ಶಾಖದಲ್ಲಿ ವರ್ಷದ ಲೆಕ್ಕಕ್ಕೆ ನೂರಕ್ಕೆ ಎಷ್ಟು ಪಾಲು ಮನೆಗೆ ಸಿಗುತ್ತದೆ ಅನ್ನೋ ಅಳತೆ) 80ರದ್ದು ಸಾಕಾ, 96ರದ್ದೇ ಬೇಕಾ ಅಂತ ಕೇಳಿದ್ದೀರಿ. ಚಳಿಗಾಲ ಉದ್ದ ಇದ್ದರೆ 96ರದ್ದೇ ತಗೊಳ್ಳಿ. 80ರದ್ದರಲ್ಲಿ 100 ಪಾಲು ಗ್ಯಾಸ್ ಉರಿದರೆ 20 ಪಾಲು ಸುಮ್ನೆ ಪೋಲು. 96ರದ್ದು ಹೊಗೆಯಲ್ಲಿನ ನೀರಾವಿಯನ್ನೂ ತಣಿಸಿ ಅದರ ಶಾಖ ಹೀರಿಕೊಳ್ಳುತ್ತದೆ. ಹೊಗೆ ಅಷ್ಟು ತಣ್ಣಗಾಗುವುದರಿಂದಲೇ ಅದಕ್ಕೆ ಪ್ಲಾಸ್ಟಿಕ್ ಪೈಪ್ ನಡೆಯುತ್ತದೆ. ಆದರೆ ತೊಟ್ಟಿಕ್ಕುವ ನೀರಿಗೆ ಸ್ವಲ್ಪ ಹುಳಿ ಗುಣ ಇರುತ್ತದೆ, ಅದು ಹರಿದುಹೋಗಲು ದಾರಿ ಬೇಕು. ಬೆಲೆ ಕೇಳುವಾಗ ಆ ಖರ್ಚನ್ನೂ ಸೇರಿಸಿ ಕೇಳಿ.

ಇದಕ್ಕಿಂತ ಮುಖ್ಯ ಸೈಜು, ಅಂದರೆ ಫರ್ನೇಸ್ ಎಷ್ಟು ಶಾಖ ಕೊಡುತ್ತದೆ ಅನ್ನೋದು. ದೊಡ್ಡದಾದಷ್ಟೂ ಒಳ್ಳೇದು ಅಲ್ವಾ ಅನಿಸುತ್ತದೆ, ಆದರೆ ಹಾಗಲ್ಲ. ಮನೆಗೆ ಬೇಕಾದ್ದಕ್ಕಿಂತ ದೊಡ್ಡದು ನಾಲ್ಕೈದು ನಿಮಿಷ ಉರಿದು ಆರಿ ಮತ್ತೆ ಹೊತ್ತಿಕೊಳ್ಳುತ್ತಿದ್ದರೆ ಸವೆತ ಜಾಸ್ತಿ, ಕೋಣೆಯೂ ಒಂದೇ ಸಮ ಬೆಚ್ಚಗಾಗುವುದಿಲ್ಲ. ಫರ್ನೇಸ್ ಹಾಕಿಕೊಡುವವರು ಹಳೇದರ ಬಿಟಿಯು (ಶಾಖದ ಅಳತೆ) ನೋಡಿ ಅಷ್ಟನ್ನೇ ಬರೆದುಕೊಟ್ಟರೆ ಒಪ್ಪಬೇಡಿ. ಕಿಟಕಿ, ಗೋಡೆ ಅಳೆದೇ ಲೆಕ್ಕ ಹಾಕಲಿ.