ಕೋವಿಯ ಸದ್ದು, ಕಿವಿಯ ಪಾಡು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ರೈಫಲ್ಲಿನ ಸದ್ದಿನ ಬಗ್ಗೆಯೇ ಇವೆ. ಸೈನ್ಯದಲ್ಲಿ ಜವಾನರಿಗೆ ಫೈರಿಂಗ್ ಕಲಿಸಿ, ಈಗ ಕೊಡಗಿನ ಒಂದು ರೈಫಲ್ ಕ್ಲಬ್ಬಿನಲ್ಲಿ ಮಕ್ಕಳಿಗೆ ಗುರಿ ಹಿಡಿಯುವುದನ್ನು ಹೇಳಿಕೊಡುತ್ತಿರುವ ನನಗೆ ಇದು ಬಹಳ ಬೇಕಾದ ವಿಷಯ. ಹಾಗಾಗಿ ಈ ಸಲ ಅಂಕಣದ ಜಾಗವನ್ನೆಲ್ಲ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಹತ್ತಿರ ಲೈಸೆನ್ಸ್ ಇರುವ .315 ರೈಫಲ್ ಇದೆ. ಒಂದು ಗುಂಡು ಹಾರಿಸಿದರೆ ತೋಟದ ಕೆಲಸದವರ ಲೈನ್ ಮನೆಗಳ ಮಕ್ಕಳು ಬೆಚ್ಚಿ ಬೀಳುತ್ತಾರೆ. ನಳಿಕೆಯ ತುದಿಗೆ ಹಾಕುವ ಸೈಲೆನ್ಸರ್ ಮಾಡಿಕೊಡುತ್ತೇನೆ ಅಂತ ಲೇತ್ ಕೆಲಸದವನೊಬ್ಬ ಹೇಳುತ್ತಿದ್ದಾನೆ. ಕೋವಿಗೆ ಲೈಸೆನ್ಸ್ ಇದೆಯಲ್ಲ, ಇದಕ್ಕೂ ಬೇರೆ ಬೇಕಾ? (ಕಾಫಿ ಬೆಳೆಗಾರರು, ಸಕಲೇಶಪುರ)

ಉತ್ತರ: ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ. ನಮ್ಮ 1959ರ ಆಯುಧ ಕಾಯ್ದೆಯ 2ನೇ ಸೆಕ್ಷನ್ನಿನಲ್ಲಿ ಬಂದೂಕು ಅಂದರೆ ಏನೇನು ಅಂತ ಹೇಳಿದ್ದಾರೆ. ಗುಂಡು ಹಾರಿಸಿದಾಗ ಬರುವ ಸದ್ದನ್ನೋ ಬೆಂಕಿಯ ಹೊಳಪನ್ನೋ ಕಡಿಮೆ ಮಾಡಲೆಂದು ತಯಾರಿಸಿದ ಸಾಮಾನೂ ಅದೇ ಪಟ್ಟಿಯಲ್ಲಿದೆ. ನೀವು ಅದನ್ನು ರೈಫಲ್ಲಿನ ಒಂದು ಬಿಡಿಭಾಗ ಅಂದುಕೊಂಡಿದ್ದೀರಿ. ಕಾನೂನಿನ ಕಣ್ಣಿಗೆ ಅದೇ ಇನ್ನೊಂದು ಬಂದೂಕು. ಅದೂ ಮೊದಲನೇ ವರ್ಗದ್ದು, ಅಂದರೆ ನಿಷೇಧಿತ ಆಯುಧಗಳನ್ನು ಇಟ್ಟಿರುವ ಸಾಲಿನದು. ನಿಮ್ಮ ರೈಫಲ್ಲಿನ ಲೈಸೆನ್ಸ್ ಪುಸ್ತಕ ಅದಕ್ಕೆ ರಕ್ಷಣೆ ಕೊಡುವುದಿಲ್ಲ.

ಶಿಕ್ಷೆಯೂ ಸಣ್ಣದಲ್ಲ. 2019ರ ತಿದ್ದುಪಡಿ ಆದ ಮೇಲೆ, ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಎರಡರಿಂದ ಐದು ವರ್ಷ ಜೈಲು. ತಯಾರಿಸಿದವನಿಗೆ ಕನಿಷ್ಠ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು. ಆ ಲೇತಿನವನಿಗೂ ಹೆಂಡತಿ ಮಕ್ಕಳಿರುತ್ತಾರೆ. ಅವನಿಗೂ ಈ ಮಾತು ಹೇಳಿ.

ಕಾನೂನನ್ನು ಪಕ್ಕಕ್ಕಿಟ್ಟರೂ ಅದು ಅಪಾಯದ ಸಾಮಾನೇ. ನಳಿಕೆಯ ಬಾಯಿಗೂ ಮುಂದೆ ಜೋಡಿಸಿದ ಕೊಳವೆಗೂ ಕೂದಲೆಳೆಯಷ್ಟು ಸೊಟ್ಟ ಇದ್ದರೆ ಗುಂಡು ಒಳಗಡೆಯೇ ತಗಲುತ್ತದೆ. ಆಗ ಕೊಳವೆ ಸಿಡಿದು ಲೋಹದ ಚೂರು ಯಾವ ಕಡೆಗೆ ಹಾರುತ್ತೋ ಯಾರಿಗೆ ಗೊತ್ತು?

ಇನ್ನು ಹಂದಿ ಕಾಟದ ವಿಚಾರ. ನೀವು ಬರೆದಿಲ್ಲ, ಆದರೂ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ಪೂರ್ತಿ ನಿಷಿದ್ಧ. ಬೆಳೆ ಹಾಳು ಮಾಡುವ ಪ್ರಾಣಿಯನ್ನು ಹೊಡೆಯಬೇಕಾದರೂ ಅರಣ್ಯ ಇಲಾಖೆಯ ಅಧಿಕಾರಿಯಿಂದ ಲಿಖಿತ ಅನುಮತಿ ಬೇಕು. ಬೆಳೆ ರಕ್ಷಣೆಗೆ ಅಂತ ಕೋವಿ ಲೈಸೆನ್ಸ್ ಸಿಕ್ಕಿದ ಮಾತ್ರಕ್ಕೆ ಹಂದಿ ಹೊಡೆಯುವ ಅನುಮತಿ ಸಿಕ್ಕಿತು ಅಂತ ಅಲ್ಲ.

ಮಕ್ಕಳ ವಿಷಯಕ್ಕೆ ಬರೋಣ. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಲೈನ್ ಮನೆಗೆ 50 ಮೀಟರ್ ಹತ್ತಿರ ಹೊಡೆಯುವ ಬದಲು 200 ಮೀಟರ್ ಆಚೆ ಹೋದರೆ 12 ಡೆಸಿಬೆಲ್ ಕಡಿಮೆ. ನಡುವೆ ಒಂದು ದಿಬ್ಬ ಇದ್ದರೆ ಇನ್ನೂ ಒಳ್ಳೆಯದು. ಶೀಟಿನ ಮಾಡಿನ ಕೆಳಗೆ, ಗೋಡೆ ಪಕ್ಕ ನಿಂತು ಯಾವತ್ತೂ ಹೊಡೆಯಬೇಡಿ. ಸದ್ದು ವಾಪಸ್ ನಿಮ್ಮ ಕಿವಿಗೇ ಬಡಿಯುತ್ತದೆ.

ಕೊಡಗಿನ ಓದುಗರೂ ಕೇಳಿಸಿಕೊಳ್ಳಿ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಇರುವ ಕೋವಿ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಹೆಮ್ಮೆಯ ಹಕ್ಕು ಅದು. ಕೋವಿ, ತೋಟಾಗಳಿಗೆ ಕೊಟ್ಟಿರುವ ಆ ಹಕ್ಕನ್ನು ಸೈಲೆನ್ಸರಿಗೆ ಎಳೆದು ತಂದರೆ ಹಕ್ಕಿಗೇ ಮಸಿ ಬಳಿದ ಹಾಗೆ.

ಪ್ರಶ್ನೆ: ಸಿನಿಮಾದಲ್ಲಿ ಸೈಲೆನ್ಸರ್ ಹಾಕಿದ ಗನ್ ‘ಟಸ್’ ಅನ್ನುತ್ತೆ, ಪಕ್ಕದ ರೂಮಿನವರಿಗೂ ಗೊತ್ತಾಗಲ್ಲ. ನಿಜಕ್ಕೂ ಹಾಗೇನಾ? (ವಿದ್ಯಾರ್ಥಿ, ಧಾರವಾಡ)

ಉತ್ತರ: ಇಲ್ಲ ತಮ್ಮಾ. ರೈಫಲ್ಲಿನಲ್ಲಂತೂ ಖಂಡಿತ ಇಲ್ಲ.

ರೈಫಲ್ಲಿನ ಸದ್ದು ಒಂದೇ ಸದ್ದಲ್ಲ. ತೋಟಾದ ಒಳಗಿನ ಮದ್ದು ಉರಿದಾಗ ಭಾರೀ ಒತ್ತಡದ ಬಿಸಿ ಅನಿಲ ಹುಟ್ಟುತ್ತದೆ. ಗುಂಡು ನಳಿಕೆ ಬಿಟ್ಟ ಕೂಡಲೇ ಆ ಅನಿಲ ಹಿಂದಿನಿಂದಲೇ ಹೊರಗೆ ನುಗ್ಗಿ ಗಾಳಿಗೆ ಬಡಿಯುತ್ತದೆ. ‘ಢಂ’ ಅನ್ನುವುದು ಇದು. ಗುಂಡು ಸದ್ದಿಗಿಂತ ವೇಗವಾಗಿ ಗಾಳಿಯನ್ನು ಸೀಳಿಕೊಂಡು ಹೋಗುವಾಗ ಹುಟ್ಟುವ ‘ಚಟ್’ ಬೇರೆಯದು. ಇವೆರಡರ ಜೊತೆಗೆ ಬೋಲ್ಟು, ಪಿನ್ನುಗಳ ಖಟಖಟವೂ ಇರುತ್ತದೆ, ಅದು ತೀರಾ ಸಣ್ಣದು.

ಎರಡನೆಯದನ್ನು ಸರಿಯಾಗಿ ಕೇಳಬೇಕೆಂದರೆ ಬಟ್ಸ್‌ನಲ್ಲಿ ಕೂರಬೇಕು. ಬಟ್ಸ್ ಅಂದರೆ ಫೈರಿಂಗ್ ರೇಂಜಿನಲ್ಲಿ ಟಾರ್ಗೆಟ್ಟಿನ ಕೆಳಗಿರುವ ತಗ್ಗು. ಟಾರ್ಗೆಟ್ ಎತ್ತಿ ಇಳಿಸುವವರು ಅಲ್ಲಿ ಮಣ್ಣಿನ ದಿಬ್ಬದ ಮರೆಯಲ್ಲಿ ಕೂತಿರುತ್ತಾರೆ. ಅತ್ತ 300 ಮೀಟರ್ ದೂರದಿಂದ ಹೊಡೆದ ಗುಂಡು ಅರ್ಧ ಸೆಕೆಂಡಿನೊಳಗೆ ತಲೆಯ ಮೇಲೆ ಹಾದುಹೋಗುತ್ತದೆ. ಮೊದಲು ‘ಚಟ್’. ಹಾಳೆಯಲ್ಲಿ ತೂತು ಬಿದ್ದಿರುತ್ತದೆ, ಹಿಂದಿನ ದಿಬ್ಬದಿಂದ ಮಣ್ಣು ಉದುರುತ್ತಿರುತ್ತದೆ. ಅದಾದ ಮೇಲೆ ದೂರದಿಂದ ‘ಢಂ’ ಬರುತ್ತದೆ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುತ್ತದೆ, ಅದಕ್ಕೇ ಈ ಹಿಂದೆ ಮುಂದೆ. ಎರಡರ ನಡುವಿನ ಬಿಡುವನ್ನು ಲೆಕ್ಕ ಹಾಕಿ ಎಷ್ಟು ದೂರದಿಂದ ಗುಂಡು ಬಂತು ಅಂತ ಅಂದಾಜು ಮಾಡುವುದನ್ನು ನಾವು ಹೊಸ ಜವಾನರಿಗೆ ಕಲಿಸುತ್ತಿದ್ದೆವು. ಚಾಟಿಯ ತುದಿ ಮಾಡುವ ಸದ್ದೂ ಈ ‘ಚಟ್’ನ ಜಾತಿಯದೇ. ಅದರ ತುದಿಯೂ ಸದ್ದಿಗಿಂತ ವೇಗವಾಗಿ ಚಲಿಸುತ್ತದೆ.

ಸೈಲೆನ್ಸರ್ ಅಥವಾ ಸಪ್ರೆಸರ್ ಹಿಡಿಯುವುದು ಮೊದಲನೆಯ ಸದ್ದನ್ನು ಮಾತ್ರ. ಅದರೊಳಗೆ ಸಾಲಾಗಿ ಕೋಣೆಗಳಿರುತ್ತವೆ. ಅನಿಲ ಅವುಗಳಲ್ಲಿ ಹಿಗ್ಗಿ, ತಣ್ಣಗಾಗಿ, ಸ್ವಲ್ಪ ತಡವಾಗಿ ಹೊರಬರುತ್ತದೆ. ‘ಚಟ್’ ಹುಟ್ಟುವುದು ಗುಂಡು ಹೋಗುವ ದಾರಿಯುದ್ದಕ್ಕೂ. ನಳಿಕೆಯ ತುದಿಯಲ್ಲಿ ಏನು ಹಾಕಿದರೂ ಅದು ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಗುಂಡೇ ಸದ್ದಿಗಿಂತ ನಿಧಾನ ಹೋಗಬೇಕು. ಸಣ್ಣ .22 ರೈಫಲ್ಲಿಗೆ ಅಂಥ ತೋಟಾ ಇವೆ. ದೊಡ್ಡ ರೈಫಲ್ಲಿನಲ್ಲಿ ಹಾಗೆ ಮಾಡಿದರೆ ಗುಂಡಿನ ಬಲವೂ ಇಳಿಯುತ್ತದೆ, ಬೇಗ ನೆಲಕ್ಕೂ ಬೀಳುತ್ತದೆ.

ಲೆಕ್ಕ ನೋಡು. ದೊಡ್ಡ ರೈಫಲ್ಲಿನ ಸದ್ದು ನಳಿಕೆಯ ಹತ್ತಿರ 160ರಿಂದ 170 ಡೆಸಿಬೆಲ್. ಒಳ್ಳೆಯ ಸಪ್ರೆಸರ್ 20ರಿಂದ 35 ಇಳಿಸುತ್ತದೆ. ಉಳಿದದ್ದು 130, 140ರ ಸುಮಾರು. ಆಂಬುಲೆನ್ಸ್ ಸೈರನ್ನು ಪಕ್ಕದಲ್ಲೇ ನಿಂತು ಕೇಳಿದರೆ 120ರ ಆಸುಪಾಸು. ಇದರಲ್ಲಿ ‘ಟಸ್’ ಎಲ್ಲಿಂದ ಬಂತು? ಆದರೂ 30 ಡೆಸಿಬೆಲ್ ಇಳಿಕೆ ದೊಡ್ಡದೇ. ಡೆಸಿಬೆಲ್ ಲೆಕ್ಕದಲ್ಲಿ 10 ಇಳಿದರೆ ಸದ್ದಿನ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ, 30 ಇಳಿದರೆ ಸಾವಿರದಲ್ಲಿ ಒಂದು ಪಾಲು.

ಇದನ್ನು ಮಾರುಕಟ್ಟೆಗೆ ತಂದವನು ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಂ. ಪೇಟೆಂಟ್ ಸಿಕ್ಕಿದ್ದು 1909ರಲ್ಲಿ. ಮ್ಯಾಕ್ಸಿಂ ಮಷಿನ್ ಗನ್ ಮಾಡಿದ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಂ ಅವನ ಅಪ್ಪ. ಗನ್ನುಗಳ ಸದ್ದಿನ ನಡುವೆಯೇ ಬದುಕಿದ ಆ ಅಪ್ಪನಿಗೆ ಕೊನೆಗಾಲದಲ್ಲಿ ಕಿವಿ ಕೇಳುತ್ತಿರಲಿಲ್ಲ.

ಪ್ರಶ್ನೆ: ನನ್ನ ಮಾವ ಚಿಕ್ಕಂದಿನಿಂದ ಕೋವಿ ಹಿಡಿದವರು. ಈಗ ಟಿವಿ ಸೌಂಡು ಜಾಸ್ತಿ ಇಡುತ್ತಾರೆ. ನಾವು ಮಾತಾಡಿದರೆ ‘ಗೊಣಗಬೇಡಿ, ಬಾಯಿ ಬಿಟ್ಟು ಮಾತಾಡಿ’ ಅಂತ ರೇಗುತ್ತಾರೆ. ಕೈಲ್ ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಕಡೆಗೆ ನಾಲ್ಕು ವರ್ಷದ ಮಗನನ್ನೂ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಾರೆ. ನನಗೆ ಭಯ. (ಗೃಹಿಣಿ, ವಿರಾಜಪೇಟೆ)

ಉತ್ತರ: ನಿಮ್ಮ ಭಯ ಸರಿಯಾಗಿಯೇ ಇದೆಯಮ್ಮಾ. ಮಾವನವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ನೀವು ಗೊಣಗುತ್ತಿದ್ದೀರಿ ಅಂತಲೇ ಅವರಿಗೆ ನಿಜವಾಗಿ ಅನಿಸುತ್ತದೆ.

ಒಳಕಿವಿಯಲ್ಲಿ ಶಂಖದ ಆಕಾರದ ಒಂದು ಭಾಗ ಇದೆ. ಅದರೊಳಗೆ ಸಣ್ಣ ಸಣ್ಣ ಕೂದಲಿರುವ ಜೀವಕೋಶಗಳು. ಕೋವಿಯ ಏಟಿಗೆ ಅವು ಮುರಿಯುತ್ತವೆ. ಮನುಷ್ಯನಲ್ಲಿ ಅವು ಮತ್ತೆ ಬೆಳೆಯುವುದಿಲ್ಲ. ಮೊದಲು ಪೆಟ್ಟು ಬೀಳುವುದು 4000 ಹರ್ಟ್ಸ್ ಆಸುಪಾಸಿನ ತೀಕ್ಷ್ಣ ಸದ್ದುಗಳಿಗೆ. ಅ, ಓ ಮುಂತಾದ ಸ್ವರಗಳು ಚೆನ್ನಾಗಿಯೇ ಕೇಳುತ್ತವೆ. ಸ, ಶ, ತ, ಚ ಮಸುಕಾಗುತ್ತವೆ. ಅದಕ್ಕೇ ಮಾತು ಕೇಳುತ್ತದೆ, ಆದರೆ ತಿಳಿಯುವುದಿಲ್ಲ. ಹೆಂಗಸರ, ಮಕ್ಕಳ ಮಾತು ಇನ್ನೂ ಕಷ್ಟ.

ಬಲಗೈಯವರಾದರೆ ಅವರ ಎಡಕಿವಿಯನ್ನು ಗಮನಿಸಿ. ಕೋವಿಯ ಹಿಡಿಗೆ ಕೆನ್ನೆ ಒತ್ತಿ ಗುರಿ ಹಿಡಿದಾಗ ಬಲಕಿವಿ ತಲೆಯ ಮರೆಗೆ ಬರುತ್ತದೆ, ಎಡಕಿವಿ ನಳಿಕೆಯ ಕಡೆಗೆ ತಿರುಗುತ್ತದೆ. ಏಟು ಅದಕ್ಕೇ ಜಾಸ್ತಿ. ನನ್ನ ಜೊತೆಗಿದ್ದ ಒಬ್ಬ ಹವಾಲ್ದಾರರು ಫೋನನ್ನು ಯಾವಾಗಲೂ ಬಲಕಿವಿಗೇ ಹಿಡಿಯುತ್ತಿದ್ದರು. ರಾತ್ರಿ ಎಡಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಆಗುತ್ತೆ, ನಿದ್ದೆ ಬರಲ್ಲ ಅನ್ನುತ್ತಿದ್ದರು. ಎಂಥ ಗಟ್ಟಿ ಮನುಷ್ಯ! ಆ ಒಂದು ಸದ್ದಿಗೆ ಸೋತು ಹೋಗಿದ್ದರು. ಅವರನ್ನು ನೋಡಿದ ಮೇಲೆ ಕಿವಿ ಮುಚ್ಚಿಕೊಳ್ಳದ ಯಾರನ್ನೂ ನಾನು ಫೈರಿಂಗ್ ಲೈನಿಗೆ ಬಿಡುವುದಿಲ್ಲ.

ಮಾವನವರನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ. ಅಲ್ಲಿ ಶ್ರವಣ ಪರೀಕ್ಷೆ ಮಾಡಿ, ಯಾವ ಸ್ವರ ಎಷ್ಟು ಕೇಳುತ್ತದೆ ಅಂತ ಕಾಗದದ ಮೇಲೆ ತೋರಿಸುತ್ತಾರೆ. ಕೋವಿ ಹಿಡಿದವರು ಮಾತಿಗಿಂತ ಅಂಥ ಗೆರೆಯನ್ನು ಬೇಗ ನಂಬುತ್ತಾರೆ. ಇನ್ನೊಂದು ಮಾತು, ಇದು ಎಲ್ಲರಿಗೂ: ಗುಂಡು ಹೊಡೆದ ಮೇಲೆ ಕಿವಿ ದಿಢೀರನೆ ಮಂದವಾದರೆ ಕಾಯಬೇಡಿ. ಒಂದೆರಡು ದಿನದೊಳಗೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಮಗುವಿನ ವಿಷಯ. ಒಂದೇ ಏಟಿನ ಸದ್ದಿಗೆ ದೊಡ್ಡವರ ಮಿತಿ 140 ಡೆಸಿಬೆಲ್, ಮಕ್ಕಳದ್ದು 120 ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೋವಿಯ ಹತ್ತಿರ ಅದು ದಾಟಿಯೇ ದಾಟುತ್ತದೆ. ನಮ್ಮ ಕೊಡವರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು ಗುಂಡು. ಕೋವಿಯ ಸದ್ದು ನಮ್ಮ ಬದುಕಿನಲ್ಲೇ ಇದೆ, ಹುಡುಗನಿಗೆ ಹಬ್ಬ ತಪ್ಪಿಸಬೇಡಿ. ಆದರೆ ದೂರದಲ್ಲಿ ನಿಲ್ಲಿಸಿ, ಶೂಟರಿನ ಹಿಂದುಗಡೆ, ಪಕ್ಕದಲ್ಲಲ್ಲ. ಮಕ್ಕಳ ಅಳತೆಯ ಇಯರ್ ಮಫ್ ಹಾಕಿ. ಹತ್ತಿ ತುರುಕುವುದರಿಂದ ಏನೂ ಪ್ರಯೋಜನವಿಲ್ಲ.

ದೊಡ್ಡವರಿಗೆ ಸ್ಪಂಜಿನ ಇಯರ್ ಪ್ಲಗ್ ಸಾಕು, ಆದರೆ ಹಾಕುವ ಕ್ರಮ ಇದೆ. ಬೆರಳುಗಳ ನಡುವೆ ತಿರುಗಿಸಿ ತಿರುಗಿಸಿ ಸಣ್ಣ ಬತ್ತಿಯ ಹಾಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಹಿಡಿಯಿರಿ. ಆಗ ಕಿವಿಯ ದಾರಿ ನೇರವಾಗುತ್ತದೆ. ಪ್ಲಗ್ ಒಳಗೆ ತಳ್ಳಿ, ಹಿಗ್ಗುವವರೆಗೆ 20, 30 ಸೆಕೆಂಡು ಬೆರಳಿಟ್ಟು ಒತ್ತಿ ಹಿಡಿಯಿರಿ. ಅರ್ಧ ಹೊರಗೆ ನೇತಾಡುತ್ತಿದ್ದರೆ ಹಾಕಿದ್ದೂ ದಂಡ. ಸರಿಯಾಗಿ ಕೂತರೆ ನಿಮ್ಮದೇ ಮಾತು ತಲೆಯೊಳಗಿಂದ ಬಂದ ಹಾಗೆ ಕೇಳುತ್ತದೆ. ದೊಡ್ಡ ರೈಫಲ್ ಆದರೆ ಪ್ಲಗ್ಗಿನ ಮೇಲೆ ಮಫ್ ಕೂಡ ಹಾಕಬೇಕು. ಮಾವನವರಿಗೆ ಎಲೆಕ್ಟ್ರಾನಿಕ್ ಮಫ್ ಇಷ್ಟವಾಗಬಹುದು. ಅದು ಮಾತನ್ನು ಒಳಗೆ ಬಿಡುತ್ತದೆ, ಗುಂಡಿನ ಸದ್ದನ್ನು ತಡೆಯುತ್ತದೆ. ಇವು ಯಾವುದಕ್ಕೂ ಲೈಸೆನ್ಸ್ ಬೇಡ.

ಪ್ರಶ್ನೆ: ಟೆಕ್ಸಾಸಿನಲ್ಲಿ ಎಚ್-1ಬಿ ವೀಸಾದಲ್ಲಿ ಇದ್ದೇನೆ. ಇಲ್ಲಿ ಸಪ್ರೆಸರ್ ಅಂಗಡಿಯಲ್ಲೇ ಸಿಗುತ್ತೆ. ಒಂದು ಕೊಂಡು ಊರಿಗೆ ಬರುವಾಗ ತರಬಹುದಾ? (ಸಾಫ್ಟ್‌ವೇರ್ ಎಂಜಿನಿಯರ್)

ಉತ್ತರ: ತರುವಂತಿಲ್ಲ. ಬಂದೂಕನ್ನು ಅನುಮತಿ ಇಲ್ಲದೆ ದೇಶದೊಳಗೆ ತಂದ ಅಪರಾಧವೇ ಅದೂ ಆಗುತ್ತದೆ.

ಅಲ್ಲೂ ಹುಷಾರಾಗಿರಿ. 1934ರ ಕಾಯ್ದೆ ಪ್ರಕಾರ ಸಪ್ರೆಸರಿಗೆ ಕೇಂದ್ರ ಸರ್ಕಾರದ ನೋಂದಣಿ, ಬೆರಳಚ್ಚು, ಒಪ್ಪಿಗೆ ಎಲ್ಲ ಬೇಕು. 200 ಡಾಲರ್ ತೆರಿಗೆಯನ್ನು 2026ರ ಜನವರಿಯಿಂದ ಸೊನ್ನೆ ಮಾಡಿದ್ದಾರೆ, ನೋಂದಣಿ ಹಾಗೇ ಇದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ಸಾಮಾನ್ಯ ಜನ ಇಟ್ಟುಕೊಳ್ಳುವಂತೆಯೇ ಇಲ್ಲ. ನಿಮ್ಮ ವೀಸಾದವರು ಬಂದೂಕು ಹಿಡಿಯುವುದೇ ಅಲ್ಲಿನ ಕಾನೂನಿನಲ್ಲಿ ಸಾಮಾನ್ಯವಾಗಿ ನಿಷಿದ್ಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿಗಳಿವೆ. ವಾಪಸ್ ಬರುವಾಗ ಗೆಳೆಯನ ಮನೆಯಲ್ಲಿ ಬಿಟ್ಟು ಬರೋಣ ಅಂದರೆ ಅದೂ ಒಪ್ಪಿಗೆ ಇಲ್ಲದ ಹಸ್ತಾಂತರ ಆಗುತ್ತದೆ. ಒಬ್ಬ ವಕೀಲರನ್ನು ಕೇಳದೆ ಕೊಳ್ಳಬೇಡಿ.

ನಾರ್ವೆ, ನ್ಯೂಜಿಲೆಂಡ್‌ನಲ್ಲಿ ಬೇಟೆಗಾರರು ಇದನ್ನು ಮಾಮೂಲಾಗಿ ಬಳಸುತ್ತಾರೆ. ಕಿವಿಗೂ ನೆರೆಹೊರೆಗೂ ಒಳ್ಳೆಯದು ಅಂತ ಅಲ್ಲಿನ ಅಭಿಪ್ರಾಯ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಆದರೆ ಕದ್ದು ಬೇಟೆಯಾಡುವವರು ಇರುವ ನಮ್ಮ ಕಾಡುಗಳಲ್ಲಿ, ಗುಂಡಿನ ಸದ್ದು ಕೇಳಿಯೇ ಅರಣ್ಯ ಕಾವಲುಗಾರರು ಓಡಿಬರುವುದು. ಅಲ್ಲಿ ಆ ಸದ್ದು ಇರಲೇಬೇಕು.

ಪ್ರಶ್ನೆ: ನಮ್ಮ ಮನೆಯ ಕೆಳಗೆ 10 ಮೀಟರ್ ಏರ್ ರೈಫಲ್ ತರಬೇತಿ ನಡೆಯುತ್ತದೆ. ದಿನವಿಡೀ ಟಣ್ ಟಣ್. ಏನು ಮಾಡುವುದು? (ಬೆಂಗಳೂರು)

ಉತ್ತರ: ಜಗಳಕ್ಕೆ ಹೋಗಬೇಡಿ, ಇದು ಸುಲಭವಾಗಿ ಬಗೆಹರಿಯುವ ವಿಷಯ. ಏರ್ ರೈಫಲ್ಲಿನ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ಹೋಗುತ್ತದೆ, ಸದ್ದಿಗಿಂತ ನಿಧಾನ, ಹಾಗಾಗಿ ಗಾಳಿ ಸೀಳುವ ‘ಚಟ್’ ಇಲ್ಲವೇ ಇಲ್ಲ. ನಿಮಗೆ ಕೇಳುತ್ತಿರುವುದು ಪೆಲೆಟ್ಟು ಟಾರ್ಗೆಟ್ಟಿನ ಹಿಂದಿನ ಕಬ್ಬಿಣದ ಪೆಟ್ಟಿಗೆಗೆ ಬಡಿಯುವ ಸದ್ದು. ಪೆಟ್ಟಿಗೆಯೊಳಗೆ ಮೆತ್ತಗಿನ ಪುಟ್ಟಿಯ ದಪ್ಪ ಪದರ ಹಾಕಿದರೆ ಪೆಲೆಟ್ ಅದರಲ್ಲೇ ಹೂತುಕೊಳ್ಳುತ್ತದೆ, ‘ಟಣ್’ ಹೋಗಿ ‘ತಪ್’ ಆಗುತ್ತದೆ. ಪೆಟ್ಟಿಗೆಯನ್ನು ನೇರ ಗೋಡೆಗೆ ಮೊಳೆ ಹೊಡೆದಿದ್ದರೆ ನಡುವೆ ರಬ್ಬರ್ ಶೀಟ್ ಇಡಲು ಹೇಳಿ. ಕೋಚ್ ಒಪ್ಪದಿದ್ದರೆ ಈ ಉತ್ತರವನ್ನೇ ತೋರಿಸಿ.