ಅಪ್‌ಡೇಟ್ ನಂತರ ಕಪ್ಪು ಪರದೆ

ಪ್ರಶ್ನೆ: ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವ ನನ್ನ ಉಬುಂಟು (ಲಿನಕ್ಸ್) ಕಂಪ್ಯೂಟರ್ ಅಪ್‌ಡೇಟ್ ಆದ ಮೇಲೆ ಲಾಗಿನ್ ಪರದೆಯನ್ನೇ ತೋರಿಸುತ್ತಿಲ್ಲ. ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಬೇಕೇ?

ಉತ್ತರ: ದಯವಿಟ್ಟು ಅಳಿಸಬೇಡಿ, ನಿಮ್ಮ ಕಡತಗಳು ಬಹುಮಟ್ಟಿಗೆ ಸುರಕ್ಷಿತವಾಗಿಯೇ ಇರುತ್ತವೆ. ಕಂಪ್ಯೂಟರ್ ಚಾಲೂ ಆಗುವಾಗ ಎಸ್ಕೇಪ್ ಕೀಲಿಯನ್ನು (ಹಳೆಯ ಬಯಾಸ್ ಯಂತ್ರಗಳಲ್ಲಿ ಶಿಫ್ಟ್) ಒತ್ತಿದರೆ ಗ್ರಬ್ ಎಂಬ ಆರಂಭಿಕ ಆಯ್ಕೆಗಳ ಪಟ್ಟಿ ಕಾಣುತ್ತದೆ. ಅಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹಿಂದಿನ ಕರ್ನೆಲ್ (ವ್ಯವಸ್ಥೆಯ ತಿರುಳಾದ ತಂತ್ರಾಂಶ) ಆರಿಸಿಕೊಳ್ಳಿ. ಅದರಲ್ಲಿ ಡೆಸ್ಕ್‌ಟಾಪ್ ತೆರೆದುಕೊಂಡರೆ, ದೋಷವು ಹೊಸ ಕರ್ನೆಲ್ ಮತ್ತು ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶದ ನಡುವಿನ ಹೊಂದಾಣಿಕೆಯಲ್ಲಿದೆ ಎಂದು ಬಹುತೇಕ ಖಚಿತ.

ಈ ಡ್ರೈವರಿನ ಮಾಡ್ಯೂಲ್ (ಕರ್ನೆಲ್‌ಗೆ ಸೇರಿಕೊಳ್ಳುವ ಭಾಗ) ಪ್ರತಿಯೊಂದು ಕರ್ನೆಲ್‌ಗೂ ಬೇರೆಬೇರೆಯಾಗಿ ಸಿದ್ಧವಾಗಬೇಕು; ಡಿಕೆಎಂಎಸ್ ವ್ಯವಸ್ಥೆ ಅದನ್ನು ತಾನಾಗಿಯೇ ಕಟ್ಟುವಂತಿದ್ದರೂ, ಆ ಕರ್ನೆಲ್‌ಗೆ ಸೇರಿದ ಹೆಡರ್ ಕಡತಗಳು (ಮಾಡ್ಯೂಲ್ ಕಟ್ಟಲು ಬೇಕಾದ ಕರ್ನೆಲ್ ವಿವರಗಳು) ಇಲ್ಲದಿದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಟರ್ಮಿನಲ್‌ನಲ್ಲಿ 'ಡಿಕೆಎಂಎಸ್ ಸ್ಟೇಟಸ್' (dkms status) ಆದೇಶ ಕೊಟ್ಟು, ಹೊಸ ಕರ್ನೆಲ್ ಸಂಖ್ಯೆಯ ಮುಂದೆ 'ಇನ್‌ಸ್ಟಾಲ್ಡ್' ಎಂದಿದೆಯೇ ನೋಡಿ; ಇಲ್ಲದಿದ್ದರೆ ಆ ಕರ್ನೆಲ್ ಸಂಖ್ಯೆಗೆ ಹೊಂದುವ 'ಲಿನಕ್ಸ್-ಹೆಡರ್ಸ್' (linux-headers) ಪ್ಯಾಕೇಜನ್ನು ಹಾಕಿಕೊಂಡು ಡ್ರೈವರನ್ನು ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿ. ಮಾಡ್ಯೂಲ್ ಸಿದ್ಧವಿದ್ದೂ ಲೋಡ್ ಆಗದಿದ್ದರೆ ಸೆಕ್ಯೂರ್ ಬೂಟ್ ಎಂಬ ಸುರಕ್ಷತಾ ವ್ಯವಸ್ಥೆಯ ಕಡೆ ಗಮನ ಕೊಡಿ, ಏಕೆಂದರೆ ಯಂತ್ರಕ್ಕೆ ಪರಿಚಯವಿಲ್ಲದ ಡಿಜಿಟಲ್ ಕೀಲಿಯಿಂದ ಸಹಿಯಾದ ಮಾಡ್ಯೂಲನ್ನು ಅದು ತಡೆಯುತ್ತದೆ.

ಹಳೆಯ ಕರ್ನೆಲ್‌ನಲ್ಲಿಯೂ ಪರದೆ ಬಾರದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಅಕ್ಷರರೂಪದ ಲಾಗಿನ್‌ನಲ್ಲಿ ಒಳಹೊಕ್ಕು, 'ಡಿಎಫ್ -ಎಚ್' (df -h) ಆದೇಶದ ಮೂಲಕ ಡಿಸ್ಕ್ ತುಂಬಿದೆಯೇ ಪರಿಶೀಲಿಸಿ. ಜನ ಸಾಮಾನ್ಯವಾಗಿ ಮರೆಯುವ ಕಾರಣ ಇದೇ. ಹೊಸ ಕರ್ನೆಲ್ ಸರಿಯಾಗಿ ನಡೆಯುವವರೆಗೆ ಹಳೆಯದನ್ನು ಮಾತ್ರ ತೆಗೆಯಬೇಡಿ.