ಬಾಟಲಿ ಸಿಡಿದದ್ದು ಯಾರ ಮಾತು ಕೇಳಿ?

ಸೊರಬ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ ಇದು: "ಶುಂಠಿ ಸೋಡಾ ಮನೆಯಲ್ಲೇ ಹುದುಗಿಸಬೇಕೆಂದು ಮೂವರನ್ನು ಕೇಳಿದೆ. ಒಬ್ಬರು ಒಂದು ದಿನ ಸಾಕು ಅಂದರು. ಊರಿನ ಹಿರಿಯರೊಬ್ಬರು ನಾಲ್ಕು ದಿನ ಅಂದರು. ಬಿಯರ್ ಹವ್ಯಾಸದವರೊಬ್ಬರು ಬ್ರಿಕ್ಸ್ ಎಷ್ಟು, ಪಿಎಚ್ ಎಷ್ಟು ಅಂತ ಕೇಳಿ, ನಾನು ತಬ್ಬಿಬ್ಬಾದದ್ದು ಕಂಡು ನಕ್ಕರು. ನಾಲ್ಕು ದಿನಕ್ಕೆಂದು ಇಟ್ಟೆ. ಮೂರನೇ ರಾತ್ರಿಯೇ ಜ್ಯೂಸಿನ ಗಾಜಿನ ಬಾಟಲಿ ಸಿಡಿಯಿತು. ನಮ್ಮ ಸ್ವಸಹಾಯ ಸಂಘದ ಇನ್ನೂ ಐದಾರು ಮಂದಿ ಕಲಿಯಬೇಕು ಅಂತಿದ್ದಾರೆ. ಯಾರ ಮಾತು ನಂಬುವುದು?"

ನಮಸ್ಕಾರ. ಯಾರಿಗೂ ಗಾಜು ತಾಗಲಿಲ್ಲ ಎಂದು ಬರೆದಿದ್ದೀರಿ, ಅಷ್ಟು ಪುಣ್ಯ.

ಒಂದು ದಿನ ಎಂದವರೂ ನಾಲ್ಕು ದಿನ ಎಂದವರೂ ಸುಳ್ಳು ಹೇಳಿಲ್ಲ. ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯ ತಾರಸಿ ಮನೆಯೊಳಗೆ 34 ಡಿಗ್ರಿ ಇದ್ದರೆ ಒಂದೇ ದಿನಕ್ಕೆ ಗಾಳಿ ತುಂಬಿ ಪ್ಲಾಸ್ಟಿಕ್ ಬಾಟಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಷಾಢದಲ್ಲಿ ಆಗುಂಬೆ ಕಡೆಯ ಹೆಂಚಿನ ಮನೆಯಲ್ಲಿ 21 ಡಿಗ್ರಿ ಇದ್ದರೆ ನಾಲ್ಕು ದಿನ ಹಿಡಿಯುತ್ತದೆ. ಸಕ್ಕರೆ ಎಷ್ಟು, ಬಾಟಲಿ ಯಾವುದು, ಇಡುವ ಜಾಗ ಎಷ್ಟು ಬೆಚ್ಚಗಿದೆ, ಹುದುಗಿಸಲು ಹಾಕುವ ಹೆಪ್ಪು (ಶುಂಠಿ, ಸಕ್ಕರೆ, ನೀರು ಕಲಸಿ ಬೆಳೆಸಿದ್ದು) ಎಷ್ಟು ದಿನದ್ದು: ಈ ನಾಲ್ಕನ್ನು ನಿಮ್ಮ ಪತ್ರದಲ್ಲೂ ನೀವು ಬರೆದಿಲ್ಲ. ದೂರುತ್ತಿಲ್ಲ, ಹೊಸಬರಿಗೆ ಅದು ಹೊಳೆಯುವುದಿಲ್ಲ. ಕೇಳಬೇಕಾಗಿದ್ದವರು ಆ ಮೂವರು. ನಕ್ಕವರು ಕೇಳಿದ ಪ್ರಶ್ನೆ ಒಳ್ಳೆಯದೇ ಇತ್ತು (ಬ್ರಿಕ್ಸ್ ಅಂದರೆ ಸಕ್ಕರೆಯ ಅಳತೆ, ಪಿಎಚ್ ಅಂದರೆ ಹುಳಿಯ ಅಳತೆ), ಕೇಳಿದ ರೀತಿ ಕೆಟ್ಟದ್ದು. "ಲೀಟರಿಗೆ ಎಷ್ಟು ಗ್ರಾಂ ಸಕ್ಕರೆ ಹಾಕಿದ್ರಿ?" ಎಂದಿದ್ದರೆ ನೀವು ಉತ್ತರಿಸುತ್ತಿದ್ದಿರಿ.

ಇನ್ನು ಹಿರಿಯರ ವಿಷಯ. ಹೆಪ್ಪು ಜೀವಂತವಾಗಿದೆಯೋ ಇಲ್ಲವೋ ಎಂದು ಮೂಸಿಯೇ ಹೇಳುವ ಕೈಗುಣ ಅವರಲ್ಲಿ ಉಂಟು. ಆದರೆ ಅವರು ಹುದುಗಿಸುತ್ತಿದ್ದದ್ದು ಬಟ್ಟೆ ಕಟ್ಟಿದ ಭರಣಿಯಲ್ಲಿ. ಗಾಳಿ ತಾನಾಗಿ ಹೊರಗೆ ಹೋಗುತ್ತಿತ್ತು, ನಾಲ್ಕಲ್ಲ, ಎಂಟು ದಿನ ಇಟ್ಟರೂ ಸಿಡಿಯುತ್ತಿರಲಿಲ್ಲ. ಅದೇ ಲೆಕ್ಕವನ್ನು ಬಿಗಿ ಮುಚ್ಚಳದ ಗಾಜಿಗೆ ತಂದದ್ದೇ ಅನಾಹುತ.

ಸಿಡಿಯುವುದೇಕೆ ಎಂಬುದನ್ನು ಅಂಕಿಯಲ್ಲೇ ನೋಡಿ. ಲೀಟರು ಪಾನೀಯದಲ್ಲಿ 4 ಗ್ರಾಂ ಸಕ್ಕರೆ ಹುದುಗಿದರೆ ಹೆಚ್ಚುಕಡಿಮೆ ಒಂದು ಲೀಟರು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅಂಗಡಿ ಸೋಡಾದ ಚುರುಕು ಬರಲು ಸುಮಾರು ನಾಲ್ಕು ಲೀಟರು ಗಾಳಿ ಸಾಕು, ಅಂದರೆ 15–16 ಗ್ರಾಂ ಸಕ್ಕರೆ. ನಾವು ಹಾಕುವುದು ಲೀಟರಿಗೆ 80 ಗ್ರಾಂ. ಮಿಕ್ಕ 64 ಗ್ರಾಂ ಸಿಹಿಗೆಂದು ಇರುವುದು, ಅದು ಹುದುಗದೆ ಉಳಿಯುವುದು ಫ್ರಿಜ್ಜಿನಲ್ಲಿಟ್ಟರೆ ಮಾತ್ರ. ಹೊರಗೇ ಮರೆತರೆ ಒಂದು ಲೀಟರಿನ ಬಾಟಲಿಯೊಳಗೆ 20 ಲೀಟರು ಗಾಳಿ ಹುಟ್ಟಲು ಹವಣಿಸುತ್ತದೆ. ಮದ್ಯಸಾರವೂ ಶೇ 4 ದಾಟಬಹುದು. ಆಗ ಅದು ಬಿಯರಿನ ಸಮ, ಮತ್ತು ಪರವಾನಗಿಯಿಲ್ಲದೆ ಮದ್ಯ ತಯಾರಿಸಲು 1965ರ ಕರ್ನಾಟಕ ಅಬಕಾರಿ ಕಾಯ್ದೆ ಬಿಡುವುದಿಲ್ಲ. ಸರಿಯಾಗಿ ಮಾಡಿದ್ದರಲ್ಲೂ ತುಸು ಮದ್ಯಸಾರ ಇರುತ್ತದೆ, ಮಕ್ಕಳಿಗೂ ಬಸುರಿಯರಿಗೂ ಕೊಡಬೇಡಿ.

ಈಗ ಹೆಪ್ಪು. ಅರ್ಧ ಲೀಟರು ನೀರು, ಸಿಪ್ಪೆ ಸಮೇತ ತುರಿದ ಶುಂಠಿ ಎರಡು ದೊಡ್ಡ ಚಮಚ, ಸಕ್ಕರೆ ಎರಡು ದೊಡ್ಡ ಚಮಚ. ಬಟ್ಟೆ ಕಟ್ಟಿಡಿ. ದಿನಾ ಒಂದೊಂದು ಚಮಚ ಶುಂಠಿ, ಸಕ್ಕರೆ ಹಾಕಿ ಕಲಕಿ. ನಾಲ್ಕರಿಂದ ಏಳು ದಿನದಲ್ಲಿ ಕಲಕಿದೊಡನೆ ಸುಯ್ ಎಂದು ನೊರೆ ಏಳಬೇಕು. ಹುದುಗಿಸುವ ಯೀಸ್ಟು ಇರುವುದು ಸಿಪ್ಪೆಯಲ್ಲಿ, ಮಣ್ಣು ಹೋಗುವಂತೆ ತೊಳೆದರೆ ಸಾಕು, ಹೆರೆಯಬೇಡಿ. ನಿಮ್ಮ ಸೀಮೆಯಲ್ಲಿ ಒಂದು ಎಚ್ಚರ ವಿಶೇಷವಾಗಿ ಬೇಕು. ಬಿತ್ತನೆಗೆ ಇಟ್ಟು ಮಿಕ್ಕ ಶುಂಠಿಯನ್ನು ಇದಕ್ಕೆ ಬಳಸಲೇಬೇಡಿ. ಅದನ್ನು ಮ್ಯಾಂಕೊಜೆಬ್ ದ್ರಾವಣದಲ್ಲಿ ಅದ್ದಿರುತ್ತಾರೆ. ಶಿಲೀಂಧ್ರ ಕೊಲ್ಲುವ ಔಷಧ ಯೀಸ್ಟನ್ನೂ ಬಿಡದು, ಹೊಟ್ಟೆಗಂತೂ ಹೋಗಲೇಬಾರದು. "ಹೆಪ್ಪು ಏಳ್ತಾನೇ ಇಲ್ಲ" ಎಂದು ಯಾರಾದರೂ ಬಂದರೆ ಮೊದಲು ಶುಂಠಿ ಎಲ್ಲಿಯದೆಂದು ಕೇಳಿ, ಆಮೇಲೆ ನೀರು. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಕುದಿಸಿ ಆರಿಸಬೇಕು. ಮಳೆಗಾಲದ ಥಂಡಿಗೆ ಬಚ್ಚಲು ಹಂಡೆಯಿಂದ ಒಂದು ಮಾರು ದೂರ ಇಟ್ಟರೆ ಬೆಚ್ಚಗಿರುತ್ತದೆ. ಒಲೆಗೇ ಒತ್ತಿ ಇಟ್ಟು 40 ಡಿಗ್ರಿ ದಾಟಿಸಿದರೆ ಸಾಯುತ್ತದೆ. ಮೇಲೆ ತೆಳ್ಳನೆ ಬಿಳಿ ಪೊರೆ ಬಂದರೆ ತೆಗೆದು ಮುಂದುವರಿಸಬಹುದು. ಹಸಿರು, ಕಪ್ಪು ಬೂಸಲು ಬಂದರೆ ಪೂರಾ ಚೆಲ್ಲಿ.

ಸೋಡಾಕ್ಕೆ ಎರಡು ಲೀಟರು ನೀರಿನಲ್ಲಿ 100 ಗ್ರಾಂ ಜಜ್ಜಿದ ಶುಂಠಿ ಹಾಕಿ ಹದಿನೈದು ನಿಮಿಷ ಕುದಿಸಿ, 160 ಗ್ರಾಂ ಸಕ್ಕರೆ ಕರಗಿಸಿ. ಜೋನಿ ಬೆಲ್ಲವಾದರೆ ಅದರಲ್ಲಿ ನೀರಿನಂಶ ಇರುವುದರಿಂದ ಸುಮಾರು 220 ಗ್ರಾಂ ಬೇಕು. ಬಣ್ಣ ಕಪ್ಪಾಗುತ್ತದೆ, ರುಚಿ ಮಾತ್ರ ಸಕ್ಕರೆಯದ್ದಕ್ಕಿಂತ ಮೇಲು. ಪೂರ್ತಿ ಆರಿದ ಮೇಲೆ ಸೋಸಿ, ಎರಡು ನಿಂಬೆಯ ರಸ ಮತ್ತು ಸೋಸಿದ ಹೆಪ್ಪಿನ ನೀರು 120 ಮಿಲಿಲೀಟರು ಸೇರಿಸಿ. ಬಿಸಿ ಇರುವಾಗಲೇ ಹೆಪ್ಪು ಹಾಕುವವರು ಬಹಳ. ಮೊಸರಿಗೆ ಯಾರೂ ಮಾಡದ ತಪ್ಪನ್ನು ಇಲ್ಲಿ ಯಾಕೆ ಮಾಡುತ್ತಾರೋ!

ಬಾಟಲಿ ಮಾತ್ರ ಪೆಪ್ಸಿ, ಕೋಕ್ ಥರದ ಸೋಡಾ ತುಂಬಿ ಬಂದ ಪ್ಲಾಸ್ಟಿಕ್ಕಿನದೇ ಇರಲಿ, ನೀರಿನ ಬಾಟಲಿಯದಲ್ಲ. ಬಾಯಿಂದ ನಾಲ್ಕು ಬೆರಳು ಕೆಳಗಿನವರೆಗೆ ತುಂಬಿ. ಬೆಳಿಗ್ಗೆ, ಸಂಜೆ ಒತ್ತಿ ನೋಡಿ. ಹೆಬ್ಬೆರಳಿಗೆ ಬಗ್ಗದಷ್ಟು ಗಟ್ಟಿಯಾದ ಕ್ಷಣವೇ ಫ್ರಿಜ್ಜಿಗೆ ಹೋಗಬೇಕು. ದಿನ ಎಣಿಸುವ ಕೆಲಸವೇ ಬೇಡ. ಗಾಜಿನಲ್ಲಿ ಈ ಒತ್ತಿ ನೋಡುವ ಭಾಗ್ಯವಿಲ್ಲ. ಗೋಲಿ ಸೋಡಾದ ಬಾಟಲಿ ಆಗದೇ ಎಂದು ಕೇಳುವವರಿದ್ದಾರೆ: ಒಳಗಿನ ಒತ್ತಡ ಏರಿದಷ್ಟೂ ಗೋಲಿ ರಬ್ಬರಿಗೆ ಇನ್ನಷ್ಟು ಬಿಗಿಯಾಗಿ ಕೂರುತ್ತದೆ, ಗಾಳಿ ಬಿಡುವುದಿಲ್ಲ. ಬೇಡ.

ಸಂಘದವರಿಗೆ ಕಲಿಸುವಾಗ ಬರಿಗೈಲಿ ಕಳಿಸಬೇಡಿ. ಪಕ್ಕದ ಮನೆಗೆ ಮೊಸರಿನ ಹೆಪ್ಪು ಕೊಡುವ ಹಾಗೆ ನಿಮ್ಮ ಭರಣಿಯಿಂದ ಒಂದು ಲೋಟ ಜೀವಂತ ಹೆಪ್ಪು ಕೊಡಿ. ಹೊಸಬರು ಕೈಬಿಡುವುದು ಹೆಚ್ಚಾಗಿ ಆ ಮೊದಲ ವಾರದ ಕಾಯುವಿಕೆಯಲ್ಲೇ. ಕೇಳಿದ್ದನ್ನೇ ಮತ್ತೆ ಕೇಳಿದರೆ "ಆಗಲೇ ಹೇಳಿಯಾಯ್ತಲ್ಲ" ಅನ್ನಬೇಡಿ, ಅವರ ಬಾಟಲಿಯನ್ನೇ ತರಹೇಳಿ ಒತ್ತಿಸಿ ತೋರಿಸಿ. ಆ ಬಿಯರ್ ಹವ್ಯಾಸಿಯನ್ನೂ ಬಿಡಬೇಡಿ. ಸಕ್ಕರೆ ಎಷ್ಟು ಉಳಿದಿದೆ ಎಂದು ಅಳೆಯುವ ಹೈಡ್ರೋಮೀಟರ್ ಅವರಲ್ಲಿ ಇರುತ್ತದೆ, ಒಂದು ಸಂಜೆ ಸಂಘಕ್ಕೆ ಕರೆದು ಅಳೆಸಿ. ಮಾರುವ ಯೋಚನೆ ಬಂದಾಗ ಮಾತ್ರ ಆಹಾರ ಸುರಕ್ಷತಾ ನೋಂದಣಿ ಬೇಕಾಗುತ್ತದೆ. ಅದಕ್ಕೆ ಮುಂಚೆ ಶಿವಮೊಗ್ಗದ ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಕೊಡುವ ಲೋಟಕ್ಕೆ ಒಂದು ಚೀಟಿ ಅಂಟಿಸಿ: ಹೆಪ್ಪು ಹಾಕಿದ ತಾರೀಕು, ಕೊನೆಗೆ ಸಕ್ಕರೆ ಹಾಕಿದ ತಾರೀಕು, ಮತ್ತು ಕೆಳಗೆ ದಪ್ಪಕ್ಷರದಲ್ಲಿ "ಗಾಜು ಬೇಡ".

— ಸಂ.